ಮುತ್ತು ಬಿದ್ದು ಗಡಿಯಾರ ನಿಂತ ಕಥೆ ನಿಜವೇ? ಭಾಸ್ಕರಾಚಾರ್ಯರ ಬದುಕು ಮತ್ತು ನಮ್ಮ ಸರ್ವರ್‌ಗಳ ತಪ್ಪು ಸಮಯ

ಇಜೇರಿಯ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫಾರ್ವರ್ಡ್ ಆಗಾಗ ತಿರುಗುತ್ತಿರುತ್ತದೆ. ನಿಮ್ಮ ಗ್ರೂಪಿಗೂ ಬಂದಿರಬಹುದು. ಗಣಿತಜ್ಞ ಭಾಸ್ಕರಾಚಾರ್ಯರಿಗೆ ಲೀಲಾವತಿ ಎಂಬ ಮಗಳಿದ್ದಳು. ಅವಳಿಗೆ ಮದುವೆಯ ಯೋಗವಿಲ್ಲ ಎಂದು ಜಾತಕ ಹೇಳುತ್ತಿತ್ತು. ತಂದೆ ಲೆಕ್ಕ ಹಾಕಿ ಒಂದೇ ಒಂದು ಶುಭ ಗಳಿಗೆ ಹುಡುಕಿದರು. ಅದು ತಪ್ಪದಿರಲೆಂದು ನೀರಿನ ಗಡಿಯಾರ ಇಟ್ಟರು. ಮದುಮಗಳು ಕುತೂಹಲದಿಂದ ಬಗ್ಗಿ ನೋಡುವಾಗ ಅವಳ ಒಡವೆಯ ಮುತ್ತೊಂದು ಕಳಚಿ ಬಟ್ಟಲಿಗೆ ಬಿತ್ತು, ತೂತು ಮುಚ್ಚಿತು. ಬಟ್ಟಲು ಮುಳುಗಲೇ ಇಲ್ಲ. ಎಲ್ಲರೂ ಕಾಯುತ್ತ ಕೂತರು, ಮುಹೂರ್ತ ಮೀರಿತು, ಮದುವೆ ನಿಂತಿತು. ಮಗಳ ಹೆಸರಾದರೂ ಉಳಿಯಲಿ ಎಂದು ತಂದೆ ಲೀಲಾವತಿ ಎಂಬ ಗಣಿತ ಪುಸ್ತಕ ಬರೆದರು.

ಈ ಸಲ ಈ ಫಾರ್ವರ್ಡ್ ಬಂದಾಗ ನಾನು ನಗಲಿಲ್ಲ. ಅದೇ ವಾರ ನಾನೂ ಒಂದು ಗಡಿಯಾರ ನಿಲ್ಲಿಸಿದ್ದೆ.

ನಮ್ಮ ಕಡೆ ಅಜ್ಜಿಗೆ ಆಯಿ ಎನ್ನುತ್ತೇವೆ. ನಮ್ಮ ಆಯಿ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗಬೇಕು. ಮರೆಯುತ್ತಾಳೆಂದು ನಾನು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಬಾಡಿಗೆಯ ಸರ್ವರ್ ಒಂದರಿಂದ ಬೆಳಿಗ್ಗೆ 7:00ಕ್ಕೆ ಅವಳ ಫೋನಿಗೆ ಮೆಸೇಜ್ ಹೋಗಬೇಕಿತ್ತು. ಹೋಗಿದ್ದು ಮಧ್ಯಾಹ್ನ 12:30ಕ್ಕೆ. ಫೋನ್ ಹೇಳಿದ ಮೇಲೇ ಮಾತ್ರೆ ನುಂಗಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ. ಆಯಿ ಹಾಗೇ ಮಾಡಿದಳು. ಮೆಸೇಜ್ ಬರುವಷ್ಟರಲ್ಲಿ ರೊಟ್ಟಿ ಊಟ ಆಗಿರುತ್ತಿತ್ತು, ಹೊಟ್ಟೆ ತುಂಬಿದ ಮೇಲೆ ಬೇಡ ಎಂದು ಬಿಟ್ಟುಬಿಡುತ್ತಿದ್ದಳು. ಮೂರು ದಿನ ಮಾತ್ರೆ ತಪ್ಪಿತು. ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಹಾಗಾಗಿ ಈ ಬಾರಿ ಎರಡು ಕೆಲಸ ಒಟ್ಟಿಗೆ ಮಾಡೋಣ. ಮುತ್ತಿನ ಕಥೆಯನ್ನು ಪರಿಶೀಲಿಸೋಣ. ಕಥೆಯ ಹಿಂದಿರುವ ನಿಜವಾದ ಭಾಸ್ಕರಾಚಾರ್ಯರ ಬದುಕಿನಿಂದ, ಸರ್ವರ್‌ನ ಸಮಯದ ತಪ್ಪು ಹುಡುಕುವುದು ಹೇಗೆಂದು ಕಲಿಯೋಣ.

ಒಂದೇ ಮಾತಿನಲ್ಲಿ ಉತ್ತರ

ಲೀಲಾವತಿ ಪುಸ್ತಕ ನಿಜ, ಭಾಸ್ಕರಾಚಾರ್ಯರು ನಿಜ. ಮುತ್ತು ಬಿದ್ದ ಕಥೆ ಮಾತ್ರ ಅವರ ಯಾವ ಗ್ರಂಥದಲ್ಲೂ ಇಲ್ಲ. ಅವರ ಕಾಲಕ್ಕೆ 400ಕ್ಕೂ ಹೆಚ್ಚು ವರ್ಷಗಳ ನಂತರ ಅದು ಬರಹದಲ್ಲಿ ಕಾಣಿಸಿಕೊಂಡಿತು.

ಹುಟ್ಟಿದ್ದು ಯಾವಾಗ, ಎಲ್ಲಿ?

ಹಳೆಯ ಕಾಲದ ಬಹಳಷ್ಟು ವಿದ್ವಾಂಸರ ಹುಟ್ಟಿದ ವರ್ಷ ನಮಗೆ ಗೊತ್ತಿಲ್ಲ. ಭಾಸ್ಕರಾಚಾರ್ಯರದ್ದು ಗೊತ್ತು. ಅವರೇ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ: ಶಕ ವರ್ಷ 1036, ಅಂದರೆ ಕ್ರಿ.ಶ. 1114. ಆಗ ಕಲಬುರಗಿ, ವಿಜಯಪುರದ ಸೀಮೆಯೆಲ್ಲ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿತ್ತು, ಆರನೇ ವಿಕ್ರಮಾದಿತ್ಯ ದೊರೆಯಾಗಿದ್ದ. ಬಸವಣ್ಣನವರು ಹುಟ್ಟಿದ್ದು ಇದೇ ಶತಮಾನದಲ್ಲಿ, ಸ್ವಲ್ಪ ವರ್ಷಗಳ ನಂತರ. ಇಬ್ಬರೂ ಸಮಕಾಲೀನರು.

ಊರಿನ ವಿಷಯದಲ್ಲಿ ಮಾತ್ರ ಜಗಳವಿದೆ. ತಮ್ಮ ಊರು ಸಹ್ಯಾದ್ರಿಯ ಆಸರೆಯಲ್ಲಿರುವ ವಿಜ್ಜಡವಿಡ ಎಂದು ಅವರು ಹೇಳಿಕೊಂಡಿದ್ದಾರೆ. ಅದು ನಮ್ಮ ವಿಜಯಪುರ ಜಿಲ್ಲೆಯ ಬಿಜ್ಜರಗಿ ಎಂದು ಕೆಲವು ವಿದ್ವಾಂಸರ ಮತ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಚಾಳೀಸ್‌ಗಾಂವ್ ಬಳಿಯ ಪಾಟಣ ಎಂದು ಇನ್ನು ಕೆಲವರ ಮತ. ಬಿಜ್ಜರಗಿ ಎಂದು ಖಡಾಖಂಡಿತವಾಗಿ ಹೇಳುವ ಫಾರ್ವರ್ಡ್ ಬಂದರೆ, ಅದು ಒಂದು ಅಭಿಪ್ರಾಯ ಮಾತ್ರ ಎಂದು ತಿಳಿಯಿರಿ. ಊರಿನ ಅಭಿಮಾನ ಬೇರೆ, ಆಧಾರ ಬೇರೆ.

ತಂದೆ ಮಹೇಶ್ವರ ಜ್ಯೋತಿಷ ಬಲ್ಲವರು. ಭಾಸ್ಕರರಿಗೆ ಅವರೇ ಗುರು. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸಿಬಿಡೋಣ. 7ನೇ ಶತಮಾನದಲ್ಲಿ ಭಾಸ್ಕರ ಎಂಬ ಇನ್ನೊಬ್ಬ ಗಣಿತಜ್ಞರಿದ್ದರು. ಇಬ್ಬರನ್ನೂ ಕಲಸಿ ಒಂದೇ ಮಾಡಿದ ಫಾರ್ವರ್ಡ್‌ಗಳು ಬೇಕಾದಷ್ಟಿವೆ. ನಾವು ಮಾತಾಡುತ್ತಿರುವುದು ಎರಡನೇ ಭಾಸ್ಕರರ ಬಗ್ಗೆ.

36ನೇ ವಯಸ್ಸಿನ ಗ್ರಂಥ

1150ರಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ, ಅವರು ಸಿದ್ಧಾಂತ ಶಿರೋಮಣಿ ಮುಗಿಸಿದರು. ಅದರಲ್ಲಿ ನಾಲ್ಕು ಭಾಗ. ಲೀಲಾವತಿ ಅಂಕಗಣಿತಕ್ಕೆ, ಬೀಜಗಣಿತ ಅದೇ ಹೆಸರಿನ ಶಾಸ್ತ್ರಕ್ಕೆ, ಗ್ರಹಗಣಿತ ಗ್ರಹಗಳ ಲೆಕ್ಕಕ್ಕೆ, ಗೋಲಾಧ್ಯಾಯ ಭೂಮಿ ಮತ್ತು ಆಕಾಶದ ಗೋಲಗಳಿಗೆ. ಸೂತ್ರ ಬರೆದು ಸುಮ್ಮನಾಗಲಿಲ್ಲ. ಲೆಕ್ಕ ಯಾಕೆ ಹೀಗೆ ಎಂದು ವಿವರಿಸುವ ವಾಸನಾಭಾಷ್ಯವನ್ನೂ ತಾವೇ ಬರೆದರು. ಇವತ್ತಿನ ಮಾತಿನಲ್ಲಿ ಹೇಳಬೇಕೆಂದರೆ, ಕೋಡ್ ಬರೆದವರೇ ಪಕ್ಕದಲ್ಲಿ ಕಾಮೆಂಟನ್ನೂ ಬರೆದಿಟ್ಟ ಹಾಗೆ.

ಈ ಗ್ರಂಥದಲ್ಲಿ ನಮಗೆ ಈಗ ಬೇಕಾದ್ದು ಒಂದು ಪ್ರಶ್ನೆ. ಸೂರ್ಯ ಒಂದೊಂದು ಊರಿಗೆ ಒಂದೊಂದು ಹೊತ್ತಿಗೆ ಹುಟ್ಟುತ್ತಾನೆ. ಹಾಗಿದ್ದರೆ ಗ್ರಹಗಳ ಲೆಕ್ಕವನ್ನು ಯಾವ ಊರಿನ ಸಮಯಕ್ಕೆ ಮಾಡಬೇಕು?

ಎಲ್ಲರಿಗೂ ಒಂದೇ ಎಣಿಕೆ, ಊರಿಗೊಂದು ತಿದ್ದುಪಡಿ

ಉತ್ತರ ಹೀಗಿತ್ತು. ಮೊದಲು ಎಲ್ಲರಿಗೂ ಸಮಾನವಾದ ಒಂದು ಎಣಿಕೆ ಇಟ್ಟುಕೊಳ್ಳಿ. ಕಲ್ಪದ ಆರಂಭದಿಂದ ಇವತ್ತಿನವರೆಗೆ ಎಷ್ಟು ದಿನ ಕಳೆಯಿತು ಎಂಬ ಈ ಎಣಿಕೆಗೆ ಅಹರ್ಗಣ ಎಂದು ಹೆಸರು. ಅದನ್ನು ಲಂಕೆಯ ಸೂರ್ಯೋದಯಕ್ಕೆ ಲೆಕ್ಕ ಹಾಕುತ್ತಾರೆ. ಈ ಲಂಕೆ ಇವತ್ತಿನ ಶ್ರೀಲಂಕಾ ಅಲ್ಲ. ಉಜ್ಜಯಿನಿಯ ನೇರಕ್ಕೆ ದಕ್ಷಿಣದಲ್ಲಿ, ಭೂಮಧ್ಯರೇಖೆಯ ಮೇಲೆ ಕಲ್ಪಿಸಿಕೊಂಡ ಒಂದು ಬಿಂದು. ಲಂಕೆಯಿಂದ ಉಜ್ಜಯಿನಿ, ಕುರುಕ್ಷೇತ್ರಗಳ ಮೂಲಕ ಹೋಗುವ ಗೆರೆಯೇ ಅಂದಿನ ಮೂಲ ರೇಖೆ. ಇವತ್ತು ಗ್ರೀನಿಚ್‌ಗೆ ಇರುವ ಸ್ಥಾನ ಅದಕ್ಕಿತ್ತು.

ಆಮೇಲೆ ನಿಮ್ಮ ಊರಿಗೆ ತಕ್ಕಂತೆ ತಿದ್ದಿಕೊಳ್ಳಿ. ಊರು ಆ ಗೆರೆಯ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರವಿದೆ ಎಂಬುದರಿಂದ ಬರುವ ತಿದ್ದುಪಡಿಗೆ ದೇಶಾಂತರ ಎಂದು ಹೆಸರು. ಭೂಮಿಯ ಸುತ್ತಳತೆಯನ್ನು ಭಾಸ್ಕರರು 4967 ಯೋಜನ ಎಂದು ಇಟ್ಟುಕೊಂಡಿದ್ದರು. ಇಡೀ ಸುತ್ತಿಗೆ 60 ಗಳಿಗೆ ಆದರೆ ಇಷ್ಟು ಯೋಜನಕ್ಕೆ ಎಷ್ಟು? ಶಾಲೆಯಲ್ಲಿ ಕಲಿತ ತ್ರೈರಾಶಿ ಸಾಕು.

ನಮ್ಮ ಊರಿಗೇ ಲೆಕ್ಕ ಹಾಕಿ ನೋಡೋಣ. ಒಂದು ಗಳಿಗೆ ಅಂದರೆ 24 ನಿಮಿಷ. ಗಳಿಗೆಯ 60ನೇ ಒಂದು ಭಾಗ ವಿಗಳಿಗೆ, ಅಂದರೆ 24 ಸೆಕೆಂಡ್. ಜೇವರ್ಗಿ, ಇಜೇರಿಯ ಸೀಮೆ ಉಜ್ಜಯಿನಿಗಿಂತ ಸುಮಾರು 1 ಡಿಗ್ರಿ ಪೂರ್ವಕ್ಕಿದೆ. ಭೂಮಿ 1 ಡಿಗ್ರಿ ತಿರುಗಲು 4 ನಿಮಿಷ ಬೇಕು. ಅಂದರೆ ನಮ್ಮ ದೇಶಾಂತರ ಸುಮಾರು 10 ವಿಗಳಿಗೆ. ಇಂದಿನ ಭಾರತೀಯ ಕಾಲಮಾನದ ಗೆರೆ 82.5 ಡಿಗ್ರಿ ಪೂರ್ವದಲ್ಲಿ, ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಅದಕ್ಕೆ ಹೋಲಿಸಿದರೆ ನಾವು ಸುಮಾರು 23 ನಿಮಿಷ ಹಿಂದೆ. ಇಜೇರಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12:23ರ ಹೊತ್ತಿಗೆ, 12:00ಕ್ಕಲ್ಲ.

ಗೋಲಾಧ್ಯಾಯದಲ್ಲಿ ಇನ್ನೊಂದು ಸೊಗಸಾದ ಚಿತ್ರವಿದೆ. ಭೂಮಧ್ಯರೇಖೆಯ ಮೇಲೆ 90 ಡಿಗ್ರಿಗೊಂದರಂತೆ ನಾಲ್ಕು ಪಟ್ಟಣಗಳನ್ನು ಕಲ್ಪಿಸಿಕೊಳ್ಳಿ. ಲಂಕೆಯಲ್ಲಿ ಸೂರ್ಯ ಹುಟ್ಟುವಾಗ ಯಮಕೋಟಿಯಲ್ಲಿ ನಡುಹಗಲು, ಸಿದ್ಧಪುರದಲ್ಲಿ ಸೂರ್ಯಾಸ್ತ, ರೋಮಕದಲ್ಲಿ ನಡುರಾತ್ರಿ. ಗಳಿಗೆ ಒಂದೇ, ಹೆಸರು ನಾಲ್ಕು.

ಇದನ್ನು ಓದಿ, ಟೈಮ್ ಝೋನ್ ಕಂಡುಹಿಡಿದವರು ಭಾಸ್ಕರಾಚಾರ್ಯರು ಎಂದು ಹೊಸ ಫಾರ್ವರ್ಡ್ ಶುರು ಮಾಡಬೇಡಿ. ದೇಶಾಂತರವೂ ಈ ನಾಲ್ಕು ಪಟ್ಟಣಗಳೂ ಅವರಿಗಿಂತ ಹಿಂದಿನಿಂದ ಬಂದವು. ಬಂದದ್ದನ್ನು ಕಾರಣ ಸಮೇತ, ಯಾರಿಗೂ ಅರ್ಥವಾಗುವಂತೆ ಜೋಡಿಸಿದ್ದು ಅವರ ಹೆಚ್ಚುಗಾರಿಕೆ.

ನಿಮ್ಮ ಫೋನಿನ ಅಹರ್ಗಣ

ಕಂಪ್ಯೂಟರ್‌ಗಳೂ ಇದನ್ನೇ ಮಾಡುತ್ತವೆ. ಬಹುತೇಕ ಸರ್ವರ್‌ಗಳು 1970ರ ಜನವರಿ 1ರಿಂದ ಎಷ್ಟು ಸೆಕೆಂಡ್ ಕಳೆಯಿತು ಎಂದು ಎಣಿಸುತ್ತಾ ಇರುತ್ತವೆ. ಆ ಎಣಿಕೆ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ. ಬೆಂಗಳೂರಿನ ಸರ್ವರ್ ಆಗಲಿ ಅಮೆರಿಕದ ಸರ್ವರ್ ಆಗಲಿ, ಎಣಿಕೆ ಒಂದೇ. ತೋರಿಸುವಾಗ ಮಾತ್ರ ಊರಿನ ದೇಶಾಂತರ ಸೇರಿಸುತ್ತವೆ. ಭಾರತಕ್ಕೆ ಅದು 5 ಗಂಟೆ 30 ನಿಮಿಷ.

ಕೆಲವೊಮ್ಮೆ ಫೋನಿನಲ್ಲಿ ಯಾವುದೋ ಫೋಟೋ ಅಥವಾ ಫೈಲಿನ ದಿನಾಂಕ 1970 ಜನವರಿ 1, ಬೆಳಿಗ್ಗೆ 5:30 ಎಂದು ಕಾಣುತ್ತದೆ. ಫೋನ್ ಹ್ಯಾಕ್ ಆಗಿದೆ ಎಂದು ಹೆದರಬೇಡಿ. ಎಣಿಕೆ ಸಿಗದೆ ಸೊನ್ನೆ ಕೂತಿದೆ, ಫೋನ್ ಅದಕ್ಕೆ ಭಾರತದ ಐದೂವರೆ ಗಂಟೆ ಸೇರಿಸಿದೆ, ಅಷ್ಟೇ.

ನನ್ನ ತಪ್ಪೂ ಇಲ್ಲೇ ಇತ್ತು. ನಾನು 7:00 ಎಂದು ಬರೆದಾಗ ಯಾವ ಊರಿನ 7:00 ಎಂದು ಹೇಳಿರಲಿಲ್ಲ. ಸರ್ವರ್ ಯುಟಿಸಿಯ 7:00 ಎಂದು ತಿಳಿಯಿತು. ಇಜೇರಿಯಲ್ಲಿ ಆಗ 12:30.

ಹಗಲು ಹಿಗ್ಗುವುದು, ಗಡಿಯಾರ ತಿರುಗಿಸುವುದು

ಭಾಸ್ಕರರ ಲೆಕ್ಕದಲ್ಲಿ ದೇಶಾಂತರ ಒಂದೇ ತಿದ್ದುಪಡಿ ಅಲ್ಲ. ಉತ್ತರಕ್ಕೆ ಹೋದಷ್ಟೂ ಬೇಸಿಗೆಯ ಹಗಲು ಉದ್ದ, ಚಳಿಗಾಲದ ಹಗಲು ಗಿಡ್ಡ. ಸೂರ್ಯೋದಯವೇ ಹಿಂದೆ ಮುಂದೆ ಸರಿಯುತ್ತದೆ. ಇದಕ್ಕೆ ಚರ ಎಂಬ ಬೇರೆಯದೇ ತಿದ್ದುಪಡಿ ಇದೆ. ದೇಶಾಂತರ ವರ್ಷವಿಡೀ ಬದಲಾಗುವುದಿಲ್ಲ. ಚರ ದಿನಾ ಬದಲಾಗುತ್ತದೆ. ಎರಡನ್ನೂ ಒಂದರಲ್ಲಿ ಕಲಸಬಾರದು.

ನಮ್ಮ ಕಡೆ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಸುಮಾರು 2 ಗಂಟೆಯ ಅಂತರ. ಲಂಡನ್ನಿನಲ್ಲಿ 8 ಗಂಟೆಗೂ ಹೆಚ್ಚು. ಅದಕ್ಕೇ ಅಂಥ ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನೇ ಒಂದು ಗಂಟೆ ಮುಂದಿಡುತ್ತವೆ. ಇದಕ್ಕೆ ಡೇಲೈಟ್ ಸೇವಿಂಗ್ ಎನ್ನುತ್ತಾರೆ. ಇದು ಸೂರ್ಯ ಮಾಡುವ ಬದಲಾವಣೆ ಅಲ್ಲ, ಸರ್ಕಾರ ಮಾಡುವ ಬದಲಾವಣೆ. ಅಮೆರಿಕದ ಬಹುತೇಕ ಕಡೆ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರ ಮುಂದೆ ಹೋಗುತ್ತದೆ, ನವೆಂಬರ್ ಮೊದಲ ಭಾನುವಾರ ಹಿಂದೆ ಬರುತ್ತದೆ.

ಇದರ ಏಟು ನಮ್ಮ ಮನೆಗೂ ತಗುಲಿತ್ತು. ನ್ಯೂಜೆರ್ಸಿಯಲ್ಲಿರುವ ಕಾಕಾನ ಮಗ, ನಮ್ಮಣ್ಣ, ಆಯಿ ಮಾತ್ರೆ ನುಂಗುವ ಹೊತ್ತಿಗೆ ಫೋನ್ ಮಾಡಿ ಮಾತಾಡಿಸುತ್ತೇನೆ ಎಂದ. ಅವನಿಗೂ ಅದೇ ಸ್ಕ್ರಿಪ್ಟಿನಿಂದ ರಾತ್ರಿ 8:30ಕ್ಕೆ ಮೆಸೇಜ್ ಹೋಗುವಂತೆ ಇಟ್ಟೆ. ಚಳಿಗಾಲದಲ್ಲಿ ಅಲ್ಲಿಯ ರಾತ್ರಿ 8:30 ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ 7:00. ಮಾರ್ಚ್‌ನಲ್ಲಿ ಅಲ್ಲಿಯ ಗಡಿಯಾರ ಮುಂದೆ ಹೋಯಿತು, ಅಂತರ ಹತ್ತೂವರೆ ಗಂಟೆಯಿಂದ ಒಂಬತ್ತೂವರೆಗೆ ಇಳಿಯಿತು. ಅವನ 8:30 ಈಗ ನಮ್ಮ 6:00. ಆಯಿ ಏಳುವ ಮೊದಲೇ ಫೋನ್ ಬಡಿದುಕೊಂಡಿತು. ಅಷ್ಟು ಹೊತ್ತಿನಲ್ಲಿ ಫೋನ್ ಬಂದರೆ ಹಳ್ಳಿಯಲ್ಲಿ ಏನೆಂದುಕೊಳ್ಳುತ್ತಾರೆ ಎಂದು ನಿಮಗೇ ಗೊತ್ತು.

ಭಾರತದಲ್ಲಿ ಗಡಿಯಾರ ಹೀಗೆ ಎಂದೂ ತಿರುಗಿಲ್ಲ ಎಂಬ ಮಾತೂ ಪೂರ್ತಿ ಸರಿಯಲ್ಲ. ಭಾರತೀಯ ಕಾಲಮಾನ ಜಾರಿಗೆ ಬಂದದ್ದು 1906ರ ಜನವರಿ 1ರಂದು. ಎರಡನೇ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಅದನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆಗ ಹುಟ್ಟಿದವರ ಜನನ ಸಮಯವನ್ನು ಗಡಿಯಾರ ನೋಡಿ ಬರೆದಿದ್ದರೆ, ಸರಿಯಾದ ಸಾಫ್ಟ್‌ವೇರ್ ಅದಕ್ಕೆ ಆರೂವರೆ ಗಂಟೆಯ ಅಂತರ ಹಿಡಿಯುತ್ತದೆ. ಅದು ತಪ್ಪಲ್ಲ.

ಗಳಿಗೆ ಬಟ್ಟಲನ್ನು ಅವರು ನಂಬಿದ್ದರೇ?

ಈಗ ಫಾರ್ವರ್ಡಿನ ಬಟ್ಟಲಿಗೆ ಬರೋಣ. ಗೋಲಾಧ್ಯಾಯದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ. ನೆರಳು ಅಳೆಯುವ ಶಂಕು, ಭಾಸ್ಕರರೇ ರೂಪಿಸಿದ ಫಲಕ ಯಂತ್ರ, ಹೀಗೆ ಹಲವು ಉಪಕರಣಗಳ ನಡುವೆ ಗಳಿಗೆ ಬಟ್ಟಲೂ ಇದೆ. ಅರ್ಧ ಕೊಡದ ಆಕಾರದ ತಾಮ್ರದ ಬಟ್ಟಲು, ಅಡಿಯಲ್ಲಿ ತೂತು. ನೀರಿನ ಮೇಲೆ ತೇಲಿಬಿಟ್ಟರೆ ನಿಧಾನವಾಗಿ ತುಂಬಿ ಮುಳುಗುತ್ತದೆ.

ಹಿಂದಿನ ಕೆಲವು ಗ್ರಂಥಗಳು ಬಟ್ಟಲಿನ ತೂಕ, ಅಗಲ, ತೂತು ಕೊರೆಯುವ ಸೂಜಿಯ ಅಳತೆಯನ್ನು ಹೇಳುತ್ತವೆ. ಆ ಅಳತೆಗೆ ಮಾಡಿದರೆ ಸರಿಯಾಗಿ ಒಂದು ಗಳಿಗೆಗೆ ಮುಳುಗುತ್ತದೆ ಎಂಬ ನಂಬಿಕೆ. ಭಾಸ್ಕರರು ಅದನ್ನೆಲ್ಲ ಬಿಟ್ಟರು. ಒಂದು ಹಗಲು ರಾತ್ರಿಯಲ್ಲಿ ಬಟ್ಟಲು ಎಷ್ಟು ಸಲ ಮುಳುಗುತ್ತದೆ ಎಂದು ಎಣಿಸಿ, ಅದರಿಂದ ದಿನವನ್ನು ಭಾಗಿಸಿ, ಬರುವುದೇ ಆ ಬಟ್ಟಲಿನ ಅಳತೆ ಎಂದರು. 60 ಸಲ ಮುಳುಗಿದರೆ ಒಂದು ಗಳಿಗೆ. 50 ಸಲ ಆದರೆ ಒಂದೂ ಕಾಲು ಗಳಿಗೆಗೆ ಸ್ವಲ್ಪ ಕಡಿಮೆ, ಅಂದರೆ 72 ವಿಗಳಿಗೆ. ಯಂತ್ರ ಹೀಗಿರಬೇಕು ಎಂದುಕೊಂಡು ಕೂರಬೇಡಿ, ಅದು ನಿಜಕ್ಕೂ ಏನು ಮಾಡುತ್ತಿದೆ ಎಂದು ಅಳೆಯಿರಿ. ಎಲ್ಲ ಯಂತ್ರಗಳಿಗಿಂತ ಬುದ್ಧಿಯೇ ದೊಡ್ಡ ಯಂತ್ರ ಎಂಬುದೂ ಇದೇ ಅಧ್ಯಾಯದಲ್ಲಿ ಅವರ ನಿಲುವು.

ಇಂಥವರು ಮಗಳ ಮದುವೆಯ ದಿನ ಒಂದೇ ಬಟ್ಟಲನ್ನು ನಂಬಿ, ಅದು ಮುಳುಗುತ್ತಿದೆಯೇ ಎಂದೂ ನೋಡದೆ ಕೂತಿದ್ದರೇ? ಕಥೆ ಅವರ ಸ್ವಭಾವಕ್ಕೇ ಒಗ್ಗುವುದಿಲ್ಲ.

ಹಾಗಿದ್ದರೆ ಕಥೆ ಎಲ್ಲಿಂದ ಬಂತು?

ಅಕ್ಬರನ ಆಸ್ಥಾನದ ಕವಿ ಫೈಜಿ 1587ರಲ್ಲಿ ಲೀಲಾವತಿಯನ್ನು ಪಾರ್ಸಿ ಭಾಷೆಗೆ ಅನುವಾದಿಸಿದ. ಮುತ್ತಿನ ಕಥೆ ಇರುವುದು ಆ ಅನುವಾದದ ಮುನ್ನುಡಿಯಲ್ಲಿ. ಅಲ್ಲಿಂದ ಅದು ಬೇರೆ ಭಾಷೆಗಳಿಗೆ ಹಬ್ಬಿ, ಈಗ ನಮ್ಮ ಫೋನ್‌ಗಳಲ್ಲಿದೆ. ಮೂಲ ಗ್ರಂಥದ ಕೆಲವು ಲೆಕ್ಕಗಳು ಲೀಲಾವತಿ ಎಂಬ ಹೆಣ್ಣನ್ನು ಉದ್ದೇಶಿಸಿ ಇವೆ ಎಂಬುದು ನಿಜ. ಅದಕ್ಕಿಂತ ಹೆಚ್ಚಿನದೆಲ್ಲ ಆಮೇಲೆ ಸೇರಿದ್ದು.

ಸ್ಕ್ರಿಪ್ಟ್ ಕೈಕೊಟ್ಟರೆ ಹೀಗೆ ನೋಡಿ

ಊರಿನ ದೇಶಾಂತರ ಗೊತ್ತಿಲ್ಲದಾಗ ಅಂದಿನ ಗಣಕರು ಚಂದ್ರಗ್ರಹಣಕ್ಕೆ ಕಾಯುತ್ತಿದ್ದರು. ಗ್ರಹಣ ಕಾಣುವ ಎಲ್ಲರಿಗೂ ಅದು ಒಂದೇ ಕ್ಷಣದಲ್ಲಿ ಹಿಡಿಯುತ್ತದೆ. ಮೂಲ ರೇಖೆಗೆ ಲೆಕ್ಕ ಹಾಕಿದ ಸಮಯಕ್ಕೂ ತಮ್ಮ ಊರಲ್ಲಿ ಕಂಡ ಸಮಯಕ್ಕೂ ಇರುವ ವ್ಯತ್ಯಾಸವೇ ದೇಶಾಂತರ. ನೀವೂ ಅದನ್ನೇ ಮಾಡಿ. ಸರ್ವರ್‌ನಲ್ಲಿ ಡೇಟ್ ಆಜ್ಞೆ ಕೊಟ್ಟು, ಅದೇ ಕ್ಷಣ ನಿಮ್ಮ ಫೋನಿನ ಗಡಿಯಾರ ನೋಡಿ. ವ್ಯತ್ಯಾಸವೇ ಅರ್ಧ ಉತ್ತರ ಹೇಳುತ್ತದೆ.

• ಯಾವಾಗಲೂ ಐದೂವರೆ ಗಂಟೆ ತಪ್ಪುತ್ತಿದ್ದರೆ: ಸರ್ವರ್ ಯುಟಿಸಿಯಲ್ಲಿದೆ, ನೀವು ಭಾರತದ ಸಮಯ ಬರೆದಿದ್ದೀರಿ.

• ಅರ್ಧ ಗಂಟೆ ತಪ್ಪುತ್ತಿದ್ದರೆ: ಯಾರೋ 5 ಅಥವಾ 6 ಗಂಟೆಯನ್ನು ಕೈಯಿಂದ ಕೂಡಿಸಿದ್ದಾರೆ ಅಥವಾ ಕಳೆದಿದ್ದಾರೆ. ಗಾಬರಿಯಲ್ಲಿ ನಾನೂ 5 ಗಂಟೆ ಕಳೆದಿದ್ದೆ, ಮೆಸೇಜ್ 7:30ಕ್ಕೆ ಹೋಯಿತು.

• ಮಾರ್ಚ್‌ನಿಂದ ನವೆಂಬರ್‌ವರೆಗೆ ಮಾತ್ರ ಒಂದು ಗಂಟೆ ತಪ್ಪುತ್ತಿದ್ದರೆ: ಡೇಲೈಟ್ ಸೇವಿಂಗ್. ಅಂತರವನ್ನು ಸಂಖ್ಯೆಯಾಗಿ ಬರೆಯಬೇಡಿ. ಏಷ್ಯಾ/ಕೋಲ್ಕತ್ತಾ, ಅಮೆರಿಕಾ/ನ್ಯೂಯಾರ್ಕ್ ಎಂದು ಊರಿನ ಹೆಸರಿನಿಂದ ವಲಯ ಸೂಚಿಸಿ. ಯಾವ ದಿನ ಎಷ್ಟು ಅಂತರ ಎಂಬ ಪಟ್ಟಿ ಕಂಪ್ಯೂಟರಿನಲ್ಲೇ ಇರುತ್ತದೆ. ಆ ಪಟ್ಟಿಯನ್ನು ಆಗಾಗ ಅಪ್‌ಡೇಟ್ ಮಾಡಿ. ಐಎಸ್‌ಟಿ ಎಂದಷ್ಟೇ ಬರೆದರೆ ಸಾಲದು, ಇಸ್ರೇಲ್ ಮತ್ತು ಐರ್ಲೆಂಡ್ ಸಮಯಕ್ಕೂ ಅದೇ ಮೂರಕ್ಷರ.

• ದಿನಾಂಕವೇ ಒಂದು ದಿನ ಹಿಂದಿದ್ದರೆ: ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಯುಟಿಸಿಯಲ್ಲಿ ಇನ್ನೂ ನಿನ್ನೆಯೇ ಇರುತ್ತದೆ.

• ವರ್ಷಕ್ಕೊಮ್ಮೆ ಕೆಲಸ ತಪ್ಪಿದರೆ ಅಥವಾ ಎರಡು ಸಲ ನಡೆದರೆ: ಅಮೆರಿಕದ ಸಮಯದಲ್ಲಿ ಗಡಿಯಾರ ಮುಂದೆ ಹೋಗುವ ದಿನ ಬೆಳಗಿನ ಜಾವ 2:30 ಎಂಬುದೇ ಇರುವುದಿಲ್ಲ. ಹಿಂದೆ ಬರುವ ದಿನ 1:30 ಎರಡು ಸಲ ಬರುತ್ತದೆ. ಮುಖ್ಯ ಕೆಲಸಗಳನ್ನು ಆ ಹೊತ್ತಿಗೆ ಇಡಬೇಡಿ.

• ಕೆಲವೇ ನಿಮಿಷ ತಪ್ಪುತ್ತಿದ್ದರೆ: ಇದು ವಲಯದ ತಪ್ಪಲ್ಲ, ಗಡಿಯಾರವೇ ಜಾರಿದೆ. ಎನ್‌ಟಿಪಿ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ ನಡೆಯುತ್ತಿದೆಯೇ ನೋಡಿ.

ಎಲ್ಲಕ್ಕೂ ಒಂದೇ ನಿಯಮ: ನಡೆದು ಹೋದದ್ದನ್ನು ಯುಟಿಸಿಯಲ್ಲಿ ಬರೆದಿಡಿ, ಜನರಿಗೆ ತೋರಿಸುವಾಗ ಊರಿನ ಸಮಯಕ್ಕೆ ತಿದ್ದಿ. ಮುಂದೆ ಆಗಬೇಕಾದ ಅಲಾರಂ ಅಥವಾ ನೆನಪೋಲೆಗೆ ಯಾವ ಊರಿನ ಎಷ್ಟು ಗಂಟೆ ಎಂದು ಎರಡನ್ನೂ ಬರೆಯಿರಿ. ನಮ್ಮಣ್ಣನ ಮೆಸೇಜನ್ನೂ ಈಗ ಇಜೇರಿಯ 7:00ಕ್ಕೇ ಕಟ್ಟಿದ್ದೇನೆ, ಅಲ್ಲಿ ಎಷ್ಟಾದರೂ ಆಗಲಿ.

ಕೊನೆಯ ವರ್ಷಗಳು

ಭಾಸ್ಕರರು ವಯಸ್ಸಾದ ಮೇಲೂ ಲೆಕ್ಕ ಬಿಡಲಿಲ್ಲ. 1183ರಲ್ಲಿ, 69ನೇ ವಯಸ್ಸಿನಲ್ಲಿ, ಪಂಚಾಂಗ ಮಾಡುವವರಿಗೆ ಸುಲಭವಾಗಲೆಂದು ಕರಣಕುತೂಹಲ ಬರೆದರು. ಕಲ್ಪದ ಆರಂಭದಿಂದ ಎಣಿಸುತ್ತಾ ಬರುವ ಬದಲು ಅದೇ ವರ್ಷದಿಂದ ಎಣಿಸಿದರೆ ಸಾಕು, ದೊಡ್ಡ ಸಂಖ್ಯೆಗಳ ಕಾಟವಿಲ್ಲ.

ಮಗ ಲಕ್ಷ್ಮೀಧರ ದೇವಗಿರಿಯ ಯಾದವ ದೊರೆ ಜೈತ್ರಪಾಲನ ಆಸ್ಥಾನ ಸೇರಿದ. ಮೊಮ್ಮಗ ಚಾಂಗದೇವ ದೊರೆ ಸಿಂಘಣನ ಜ್ಯೋತಿಷಿಯಾದ. ಅಜ್ಜನ ಗ್ರಂಥಗಳನ್ನು ಕಲಿಸಲೆಂದೇ ಚಾಂಗದೇವ ಪಾಟಣದಲ್ಲಿ ಒಂದು ಮಠ ಕಟ್ಟಿಸಿದ. ಅದಕ್ಕೆ ದತ್ತಿ ಬಿಟ್ಟ 1207ರ ಶಾಸನ 19ನೇ ಶತಮಾನದಲ್ಲಿ ಬೆಳಕಿಗೆ ಬಂತು. ಮನೆತನದ ಬಗ್ಗೆ ನಮಗೆ ಗೊತ್ತಿರುವ ಬಹಳಷ್ಟು ಸಂಗತಿ ಅದರಿಂದಲೇ. ಅಜ್ಜನನ್ನು ಉಳಿಸಿದ್ದು ಮುತ್ತಿನ ಕಥೆಯಲ್ಲ, ಮೊಮ್ಮಗನ ಪಾಠಶಾಲೆ.

ಫಾರ್ವರ್ಡ್ ಮಾಡುವ ಮುನ್ನ

ಕಥೆ ಸುಳ್ಳಾದರೂ ಅದರೊಳಗೆ ಒಂದು ನಿಜವಾದ ಭಯವಿದೆ. ನಿಂತ ಗಡಿಯಾರ ಸದ್ದು ಮಾಡುವುದಿಲ್ಲ. ನಾವು ಅದನ್ನೇ ನಂಬಿ ಕಾಯುತ್ತಿರುತ್ತೇವೆ, ಗಳಿಗೆ ಮೀರಿ ಹೋಗಿರುತ್ತದೆ. ಆದ್ದರಿಂದ ಸ್ಕ್ರಿಪ್ಟ್ ಬರೆದರೆ ಅದು ನಡೆಯದೇ ಹೋದಾಗಲೂ ನಿಮಗೆ ಸುದ್ದಿ ಬರುವಂತೆ ಮಾಡಿ. ಔಷಧಿಯಂಥ ವಿಷಯವನ್ನು ಯಂತ್ರಕ್ಕೇ ಪೂರ್ತಿ ಒಪ್ಪಿಸಬೇಡಿ. ಮಾತ್ರೆ ತಪ್ಪಿದರೆ ಏನು ಮಾಡಬೇಕೆಂದು ನಿಮ್ಮ ಡಾಕ್ಟರನ್ನೇ ಕೇಳಿ, ಫಾರ್ವರ್ಡನ್ನಲ್ಲ.

ನಮ್ಮ ಆಯಿಗೆ ಈಗ ಮೆಸೇಜ್ ಸರಿಯಾಗಿ 7:00ಕ್ಕೆ ಹೋಗುತ್ತದೆ. ಆದರೂ 7:15ಕ್ಕೆ ನಾನು ಒಂದು ಫೋನ್ ಮಾಡುತ್ತೇನೆ. ಬಟ್ಟಲು ಮುಳುಗಿತೇ ಎಂದು ಯಾರಾದರೊಬ್ಬರು ನೋಡಲೇಬೇಕಲ್ಲ.